ಕೌದಿ ಬಟ್ಟೆ ಕತ್ತರಿಸೋದು ಹೇಗೆ?



ಹಳೇ ಸೀರೆ ಎಸೀಬೇಡಿ. ಕೌದಿ ಹೊಲೀರಿ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಹೊಲಿದ ಕೌದಿಗೆ ಹೊರದೇಶದಲ್ಲೂ ಹೆಸರಿದೆ.

ಒಂದೆರಡು ಕೌದಿಗೆ ಕತ್ತರಿ ಸಾಕು. ಮಾರೋಕೆ ಹೊಲಿಯೋದಾದರೆ ಚಕ್ರದ ಕತ್ತರಿ ಒಳ್ಳೇದು. ಇದು 1979ರಲ್ಲಿ ಜಪಾನಿನಲ್ಲಿ ಬಂತು. ದುಂಡು ಅಲಗು 45 ಮಿಲಿಮೀಟರ್ ಇರಲಿ. ನಾಲ್ಕು ಜನ ಸೇರಿ ಒಂದು ಕೊಳ್ಳಿ.

ಅಡಿಯಲ್ಲಿ ಮ್ಯಾಟ್ ಹಾಸಲೇಬೇಕು. ಬರೀ ನೆಲದ ಮೇಲೆ ಉರುಳಿಸಿದರೆ ಅಲಗು ಮೊಂಡಾಗುತ್ತೆ. ಮ್ಯಾಟನ್ನು ಬಿಸಿಲಲ್ಲಿ ಇಡಬೇಡಿ. ಅದರ ಮೇಲೆ ಇಸ್ತ್ರಿ ಮಾಡಬೇಡಿ. ಅದು ಸೊಟ್ಟಗಾಗುತ್ತೆ.

ಕತ್ತರಿಯನ್ನು ಆಚೆಗೆ ತಳ್ಳಿ, ಮೈ ಕಡೆ ಎಳೀಬೇಡಿ. ಕೆಳಗಿಟ್ಟ ಕೂಡಲೇ ಅಲಗು ಮುಚ್ಚಿ. ಮನೇಲಿ ಮಕ್ಕಳಿರ್ತಾರೆ.

ನೂಲು ಬಿಟ್ಟು ಬಿಟ್ಟು ಕತ್ತರಿಸಿದರೆ ಅಲಗು ಬದಲಿಸಿ. ಹಳೇ ಅಲಗನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಿ, ಬೇರೆಯಾಗಿ ಕೊಡಿ. ಕಸ ಎತ್ತೋರೂ ನಮ್ಮ ಅಕ್ಕತಂಗೀರೇ ಅಲ್ಲವೇ?