ಜರ್ಮನಿಯ ಈಸ್ಟರ್: ಬೇಡಗಳ ನಡುವೆ ಬೆಳೆದ ಹಬ್ಬ



ಜರ್ಮನಿಗೆ ಹೊಸದಾಗಿ ಬಂದಿಳಿದ ಕನ್ನಡಿಗರಿಗೆ ಹಳಬರು ಹೇಳಿಕೊಡುವ ಪಾಠಗಳಲ್ಲಿ ಇದೂ ಒಂದು: ಈಸ್ಟರ್ ಬರುವ ಮೊದಲೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಿ. ಶುಕ್ರವಾರ ಅಂಗಡಿ ಇಲ್ಲ. ಶನಿವಾರ ಇದೆ, ಆದರೆ ಊರಿಗೆ ಊರೇ ಅಲ್ಲಿ ಸೇರಿರುತ್ತದೆ. ಭಾನುವಾರ ಇಲ್ಲ, ಸೋಮವಾರವೂ ಇಲ್ಲ. ರಾತ್ರಿ ಹತ್ತು ಗಂಟೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಕೊತ್ತಂಬರಿ ಸೊಪ್ಪು ತಂದು ಅಭ್ಯಾಸವಾದ ಬೆಂಗಳೂರಿನವರಿಗೆ ಇದು ಹಬ್ಬವೋ ಬಂದೋ ಎಂಬ ಅನುಮಾನ ಬಂದರೆ ತಪ್ಪಲ್ಲ. ಗುಡ್ ಫ್ರೈಡೇ ದಿನ ಸ್ಟುಟ್‌ಗಾರ್ಟಿನ ನಮ್ಮ ಬೀದಿಯಲ್ಲಿ ಗೋಡೆ ಕೊರೆಯುವ ಸದ್ದಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಹೊರಗೆ ಬರುವುದಿಲ್ಲ, ಖಾಲಿ ಬಾಟಲಿಗಳನ್ನು ಬೀದಿಬದಿಯ ಗಾಜಿನ ತೊಟ್ಟಿಗೆ ಹಾಕುವಂತೆಯೂ ಇಲ್ಲ.

ಯಾಕೆ ಹೀಗೆ ಎಂದು ಕೆದಕುತ್ತಾ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಹಬ್ಬದ ಚರಿತ್ರೆಯ ತುಂಬ ಬೇಡಗಳೇ. ಮೊಟ್ಟೆ ಬೇಡ, ಮಾಂಸ ಬೇಡ, ವಾದ್ಯ ಬೇಡ, ಕುಣಿತ ಬೇಡ. ಇವತ್ತು ನಾವು ಕಣ್ಣರಳಿಸಿ ನೋಡುವ ಈಸ್ಟರಿನ ಎಷ್ಟೋ ಚೆಂದಗಳು ಈ ಬೇಡಗಳ ಸಂದಿಯಲ್ಲೇ ಹುಟ್ಟಿದವು.

ಮೊಟ್ಟೆಯನ್ನೇ ನೋಡಿ. ಮಧ್ಯಯುಗದ ಯೂರೋಪಿನಲ್ಲಿ ಈಸ್ಟರಿಗೆ ಮುಂಚಿನ ನಲವತ್ತು ದಿನ ವ್ರತ. ಮಾಂಸ ಮಾತ್ರವಲ್ಲ, ಹಾಲು, ಬೆಣ್ಣೆ, ಮೊಟ್ಟೆಗೂ ನಿಷೇಧ. ಆದರೆ ಕೋಳಿಗೆ ವ್ರತ ಎಲ್ಲಿಂದ ಬರಬೇಕು? ಚಳಿಗಾಲ ಕಳೆದು ಹಗಲು ದೊಡ್ಡದಾಗುತ್ತಿದ್ದಂತೆ ಅದು ಇನ್ನಷ್ಟು ಹುರುಪಿನಿಂದ ಮೊಟ್ಟೆ ಇಡುತ್ತದೆ. ತಿನ್ನುವಂತಿಲ್ಲ, ಎಸೆಯಲು ಮನಸ್ಸಿಲ್ಲ. ಬೇಯಿಸಿಟ್ಟರೆ ಕೆಲವು ದಿನ ತಡೆಯುತ್ತದೆ. ರೈತರು ಜಮೀನ್ದಾರನಿಗೆ ಕೊಡುವ ಗೇಣಿಯ ಒಂದು ಪಾಲನ್ನು ಈಸ್ಟರ್ ಹೊತ್ತಿಗೆ ಮೊಟ್ಟೆಯ ರೂಪದಲ್ಲೇ ಸಲ್ಲಿಸುವುದೂ ಇತ್ತು. ಉಳಿದದ್ದಕ್ಕೆ ಬಣ್ಣ ಹಚ್ಚಿ, ಚರ್ಚಿನಲ್ಲಿ ಆಶೀರ್ವಾದ ಮಾಡಿಸಿ, ವ್ರತ ಮುಗಿದ ಬೆಳಿಗ್ಗೆ ಹಂಚಿ ತಿಂದರು. ಸಮಾಧಿಯಿಂದ ಎದ್ದು ಬಂದ ಜೀವದ ಸಂಕೇತ ಎಂಬ ಅರ್ಥವೂ ಮೊಟ್ಟೆಗೆ ಇದೆ, ಸುಂದರವಾಗಿಯೇ ಇದೆ. ಆದರೂ ಆ ಅರ್ಥದ ಹಿಂದೆ ತುಂಬಿ ತುಳುಕುವ ಒಂದು ಮೊಟ್ಟೆಬುಟ್ಟಿಯೂ ಇತ್ತೆಂದು ನನ್ನ ಲೆಕ್ಕ.

ಈಗಿನ ಕಥೆಯೇ ಬೇರೆ. ಯೂರೋಪಿನ ಅಂಗಡಿಗಳಲ್ಲಿ ಪ್ರತಿ ಹಸಿ ಮೊಟ್ಟೆಯ ಮೇಲೂ ಒಂದು ಸಂಕೇತ ಒತ್ತಿರುತ್ತದೆ. 0 ಅಂದರೆ ಸಾವಯವ, 1 ಅಂದರೆ ಹೊರಗೆ ಓಡಾಡಿಕೊಂಡಿದ್ದ ಕೋಳಿ, 2 ಅಂದರೆ ಕೊಟ್ಟಿಗೆಯದು, 3 ಅಂದರೆ ಪಂಜರದ್ದು. ಜರ್ಮನರು ಇದನ್ನು ತಿರುಗಿಸಿ ತಿರುಗಿಸಿ ಓದಿ ಕೊಳ್ಳುತ್ತಾರೆ. ಬೇಯಿಸಿ ಬಣ್ಣ ಬಳಿದ ಈಸ್ಟರ್ ಮೊಟ್ಟೆಗೆ ಮಾತ್ರ ಈ ಸಂಕೇತ ಕಡ್ಡಾಯವಲ್ಲ. ವರ್ಷವಿಡೀ ಕೋಳಿಯ ಯೋಗಕ್ಷೇಮ ವಿಚಾರಿಸುವವರು ಹಬ್ಬದ ದಿನ ಬಣ್ಣ ನೋಡಿ ಸುಮ್ಮನಾಗುತ್ತಾರೆ.

ಸ್ಟುಟ್‌ಗಾರ್ಟ್ ಸುತ್ತಿನ ಶ್ವಾಬಿಯಾ ಸೀಮೆಯವರು ಮಾಂಸದ ನಿಷೇಧಕ್ಕೆ ಒಂದು ಉಪಾಯ ಹೂಡಿದರಂತೆ. ಮಾಂಸ, ಪಾಲಕ್, ಈರುಳ್ಳಿ ಕಲಸಿದ ಹೂರಣವನ್ನು ಹಿಟ್ಟಿನ ಹಾಳೆಯೊಳಗೆ ಮುಚ್ಚಿ ಬೇಯಿಸಿದರೆ ಅದು ಮೌಲ್‌ಟಾಶೆ. ದೇವರ ಕಣ್ಣಿಗೆ ಮಾಂಸ ಬೀಳದಿರಲಿ ಎಂದೇ ಹೀಗೆ ಹೊದಿಸಿದ್ದು ಎಂದು ಅವರೇ ನಗುತ್ತಾ ಹೇಳಿಕೊಳ್ಳುತ್ತಾರೆ. ಐತಿಹ್ಯ ನಿಜವೋ ಸುಳ್ಳೋ, ಈಸ್ಟರಿನ ಹಿಂದಿನ ಗುರುವಾರ, ಶುಕ್ರವಾರ ಇಲ್ಲಿ ಮನೆಮನೆಯಲ್ಲೂ ಅದೇ. 2009ರಿಂದ ಯೂರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತಿನ ರಕ್ಷಣೆಯೂ ಅದಕ್ಕಿದೆ.

ಇನ್ನು ಹಬ್ಬದ ದಿನ ಗೊತ್ತುಮಾಡುವ ವಿಚಾರ. ಪಂಚಾಂಗ ನೋಡಿ ಬೆಳೆದ ನಮಗೆ ಈ ಲೆಕ್ಕ ಬೇಗ ಹತ್ತುತ್ತದೆ. 325ರಲ್ಲಿ ನೈಸಿಯದಲ್ಲಿ ಸೇರಿದ ಕ್ರೈಸ್ತ ಮಹಾಸಭೆ ಎಲ್ಲರೂ ಒಂದೇ ದಿನ ಈಸ್ಟರ್ ಆಚರಿಸಬೇಕೆಂದು ತೀರ್ಮಾನಿಸಿತು. ಆಮೇಲೆ ನೆಲೆಗೊಂಡ ಸೂತ್ರ ಹೀಗೆ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಾದರೂ ಬೀಳಬಹುದು. 2024ರಲ್ಲಿ ಹೋಳಿ ಹುಣ್ಣಿಮೆ ಕಳೆದ ವಾರದೊಳಗೆ, ಮಾರ್ಚ್ 31ಕ್ಕೆ ಬಂತು. 2025ರಲ್ಲಿ ದವನದ ಹುಣ್ಣಿಮೆ ಮುಗಿಸಿಕೊಂಡು ಏಪ್ರಿಲ್ 20ಕ್ಕೆ ಹೋಯಿತು.

ಸೂತ್ರ ಒಂದೇ, ಆದರೆ ಹುಣ್ಣಿಮೆ ಯಾರದು? 1582ರಲ್ಲಿ ಪೋಪ್ ಗ್ರೆಗರಿ ಕ್ಯಾಲೆಂಡರ್ ತಿದ್ದಿದಾಗ ಜರ್ಮನಿಯ ಕ್ಯಾಥೊಲಿಕ್ ಸೀಮೆಗಳು ಒಪ್ಪಿದವು, ಪ್ರಾಟೆಸ್ಟಂಟ್ ಸೀಮೆಗಳು ಒಪ್ಪಲಿಲ್ಲ. ನೂರಕ್ಕೂ ಹೆಚ್ಚು ವರ್ಷ ನದಿಯ ಈಚೆ ಒಂದು ತಾರೀಖು, ಆಚೆ ಇನ್ನೊಂದು. 1700ರಲ್ಲಿ ಪ್ರಾಟೆಸ್ಟಂಟರು ತಾರೀಖನ್ನೇನೋ ಸರಿಮಾಡಿಕೊಂಡರು. ಈಸ್ಟರನ್ನು ಮಾತ್ರ ಪೋಪರ ಕೋಷ್ಟಕದಿಂದಲ್ಲ, ಕೆಪ್ಲರನ ಖಗೋಳ ಕೋಷ್ಟಕದಿಂದ ಲೆಕ್ಕ ಹಾಕುತ್ತೇವೆ ಎಂದು ಹಟ ಹಿಡಿದರು. ಬಹಳ ವರ್ಷ ಎರಡೂ ಲೆಕ್ಕ ಒಂದೇ ದಿನಕ್ಕೆ ಬರುತ್ತಿದ್ದವು. 1724ರಲ್ಲಿ ತಪ್ಪಿದವು. ಪ್ರಾಟೆಸ್ಟಂಟರಿಗೆ ಏಪ್ರಿಲ್ 9, ಕ್ಯಾಥೊಲಿಕರಿಗೆ ಏಪ್ರಿಲ್ 16. 1744ರಲ್ಲೂ ಒಂದು ವಾರದ ಅಂತರ. ನಮ್ಮಲ್ಲಿ ಸ್ಮಾರ್ತರ ಏಕಾದಶಿ, ವೈಷ್ಣವರ ಏಕಾದಶಿ ಎಂದು ಎರಡು ದಿನ ಬರುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಆ 1724ರ ಈಸ್ಟರಿಗೆ ಇನ್ನೊಂದು ಮಹತ್ವವಿದೆ. ಹಿಂದಿನ ವರ್ಷವಷ್ಟೇ ಲೈಪ್‌ಜಿಗ್ ನಗರಕ್ಕೆ ಚರ್ಚ್ ಸಂಗೀತದ ಹೊಣೆ ಹೊತ್ತು ಬಂದಿದ್ದವನು ಯೋಹಾನ್ ಸೆಬಾಸ್ಟಿಯನ್ ಬಾಖ್. ವಾರವಾರವೂ ಹೊಸ ಕೃತಿ ಕೊಡಬೇಕಾದ ಕೆಲಸ. ಆದರೆ ಈಸ್ಟರಿಗೆ ಮುಂಚಿನ ವ್ರತದ ವಾರಗಳಲ್ಲಿ ಲೈಪ್‌ಜಿಗ್‌ನ ಚರ್ಚುಗಳಲ್ಲಿ ವಾದ್ಯವೃಂದದ ಸಂಗೀತಕ್ಕೆ ನಿಷೇಧ. ಆ ಬಲವಂತದ ಮೌನವೇ ಬಾಖ್‌ನಿಗೆ ಬಿಡುವು ಕೊಟ್ಟಿತು. ಸಂತ ಯೋಹಾನನ ಸುವಾರ್ತೆಯಲ್ಲಿ ಬರುವ ಯೇಸುವಿನ ಕಡೆಯ ದಿನಗಳ ಕಥನವನ್ನು ಎರಡು ಗಂಟೆಯಷ್ಟು ದೀರ್ಘ ಸಂಗೀತವಾಗಿ ಕಟ್ಟಿದ. ಥಾಮಸ್ ಚರ್ಚಿನಲ್ಲಿ ನಡೆಸುವುದೆಂದು ಹಸ್ತಪತ್ರ ಅಚ್ಚು ಹಾಕಿಸಿಯೂ ಆಗಿತ್ತು. ನಗರಸಭೆ, ಈ ವರ್ಷದ ಸರದಿ ನಿಕೊಲಾಯ್ ಚರ್ಚಿನದು ಎಂದಿತು. ಅಲ್ಲಿ ಜಾಗ ಸಾಲದು, ಹಾರ್ಪ್ಸಿಕಾರ್ಡ್ ರಿಪೇರಿ ಆಗಬೇಕು ಎಂದು ಬಾಖ್ ತಕರಾರು ತೆಗೆದ. ಸಭೆಯವರು ಎರಡಕ್ಕೂ ವ್ಯವಸ್ಥೆ ಮಾಡಿಕೊಟ್ಟರು. ಏಪ್ರಿಲ್ 7ರ ಶುಕ್ರವಾರ ಆ ಕೃತಿ ನಿಕೊಲಾಯ್ ಚರ್ಚಿನಲ್ಲೇ ಮೊದಲು ಕೇಳಿಬಂತು. ಮೈಕ್, ಜಾಗ, ಸರದಿ ಎಂದು ಸಭಾಂಗಣದವರ ಜೊತೆ ಜಗ್ಗಾಡಿರುವ ನಮ್ಮ ಸಂಗೀತ ಸಂಘಟಕರಿಗೆ ಇದು ತುಸು ಸಮಾಧಾನ ತಂದೀತು.

ಎರಡು ಈಸ್ಟರುಗಳ ಈ ಜಗಳ 1776ರಲ್ಲಿ ಕೊನೆಗಂಡಿತು. ಮರುವರ್ಷವೇ ಬ್ರೌನ್‌ಶ್ವೈಗ್ ನಗರದ ಬಡ ಮನೆಯೊಂದರಲ್ಲಿ ಗಣಿತಜ್ಞ ಕಾರ್ಲ್ ಫ್ರೀಡ್ರಿಖ್ ಗೌಸ್ ಹುಟ್ಟಿದ. ಯಾವ ತಾರೀಖು ಎಂದರೆ ಓದುಬರಹವಿಲ್ಲದ ಅವನ ತಾಯಿಗೆ ತಿಳಿಯದು. ಅದು ಬುಧವಾರ, ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಇತ್ತು ಎಂದಷ್ಟೇ ನೆನಪು. ನಮ್ಮ ಅಜ್ಜಿಯರೂ ಹೀಗೆಯೇ ಅಲ್ಲವೇ, ಮಹಾನವಮಿ ಎದುರಿಗೆ ಹುಟ್ಟಿದವನು, ಶಿವರಾತ್ರಿ ಮಾರನೇ ದಿನ ಹುಟ್ಟಿದವಳು ಎನ್ನುವುದು? ಸ್ವರ್ಗಾರೋಹಣದ ಹಬ್ಬ ಈಸ್ಟರ್ ಕಳೆದು 39ನೇ ದಿನ ಬರುತ್ತದೆ. ಅಂದರೆ 1777ರ ಈಸ್ಟರ್ ಯಾವತ್ತೆಂದು ಗೊತ್ತಾದರೆ ಜನ್ಮದಿನವೂ ಗೊತ್ತಾದಂತೆ. ಯಾವ ವರ್ಷದ ಈಸ್ಟರನ್ನಾದರೂ ಬರೀ ಕೂಡಿ ಭಾಗಿಸಿ ಕಂಡುಹಿಡಿಯುವ ಸೂತ್ರವನ್ನು ಗೌಸ್ 1800ರಲ್ಲಿ ಪ್ರಕಟಿಸಿದ. ಅವನು ಹುಟ್ಟಿದ ವರ್ಷ ಈಸ್ಟರ್ ಮಾರ್ಚ್ 30ಕ್ಕೆ, ಸ್ವರ್ಗಾರೋಹಣ ಮೇ 8ಕ್ಕೆ. ಎಂಟು ದಿನ ಹಿಂದೆ ಹೋದರೆ ಏಪ್ರಿಲ್ 30, ಬುಧವಾರ. ತಾಯಿಯ ನೆನಪು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮೊಲದ ವಿಷಯ ಹೇಳದಿದ್ದರೆ ಮಕ್ಕಳು ಬಿಡುವುದಿಲ್ಲ. ಗೆಯೋರ್ಗ್ ಫ್ರಾಂಕ್ ಫಾನ್ ಫ್ರಾಂಕೆನಾವ್ ಎಂಬ ವೈದ್ಯ 1682ರಲ್ಲಿ ಈಸ್ಟರ್ ಮೊಟ್ಟೆಗಳ ಕುರಿತೇ ಲ್ಯಾಟಿನ್ ಪ್ರಬಂಧವೊಂದನ್ನು ಹೊರತಂದ. ಅಲ್ಸಾಸ್ ಕಡೆ ಮೊಲ ಬಂದು ಹುಲ್ಲಿನಲ್ಲಿ ಮೊಟ್ಟೆ ಬಚ್ಚಿಡುತ್ತದೆಂದು ಮಕ್ಕಳಿಗೆ ಹೇಳುತ್ತಾರೆ, ಮಕ್ಕಳು ಹುಡುಕುವಾಗ ದೊಡ್ಡವರು ನಗುತ್ತಾರೆ ಎಂದು ಅದರಲ್ಲಿದೆ. ವೈದ್ಯನಲ್ಲವೇ, ಮೊಟ್ಟೆ ಮಿತಿಮೀರಿ ತಿಂದರೆ ಏನಾಗುತ್ತದೆಂಬ ಎಚ್ಚರಿಕೆಯನ್ನೂ ಸೇರಿಸಿದ್ದಾನೆ. ಆ ಕಾಲಕ್ಕೆ ಮೊಲವೊಂದೇ ಅಲ್ಲ, ಒಂದು ಸೀಮೆಯಲ್ಲಿ ನರಿ, ಇನ್ನೊಂದರಲ್ಲಿ ಕೊಕ್ಕರೆ, ಮತ್ತೊಂದರಲ್ಲಿ ಹುಂಜ ಮೊಟ್ಟೆ ತರುತ್ತಿದ್ದವು. ಹದಿನೆಂಟನೇ ಶತಮಾನದಲ್ಲಿ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಜರ್ಮನರು ಮೊಲವನ್ನು ಜೊತೆಗೆ ಒಯ್ದರು. ಇವತ್ತು ಅಮೆರಿಕದ್ದೇ ಅನ್ನಿಸುವ ಈಸ್ಟರ್ ಮೊಲ ಮೂಲದಲ್ಲಿ ಪರದೇಶದಲ್ಲಿ ಬದುಕಿದವರ ಮನೆಯ ಹಬ್ಬ.

ಪರದೇಶದಲ್ಲಿ ಈಸ್ಟರ್ ಮಾಡಿದ ಜರ್ಮನರು ನಮ್ಮಲ್ಲೂ ಇದ್ದರು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಇದೇ ಶ್ವಾಬಿಯಾದವನು. ನಿಘಂಟಿನ ಕಿಟೆಲ್ ಹುಟ್ಟಿದ್ದು ಉತ್ತರ ಸಮುದ್ರದ ಅಂಚಿನ ಓಸ್ಟ್‌ಫ್ರೀಸ್‌ಲಾಂಡಿನಲ್ಲಿ, ತೀರಿಕೊಂಡದ್ದು ನಮ್ಮೂರಿಗೆ ಹತ್ತಿರದ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಹಿಮ ಕರಗಿ ಚಿಗುರು ಮೂಡುವ ಹೊತ್ತಿನ ಹಬ್ಬ ಅವರಿಗೆ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ, ಮಾವು ಗೇರು ಹಣ್ಣಾಗುವ ಕಾಲದಲ್ಲಿ ಬರುತ್ತಿತ್ತು. ನನಗೆ ತದ್ವಿರುದ್ಧ. ಕೈಗವಸು ತೊಟ್ಟುಕೊಂಡು ವಸಂತದ ಹಬ್ಬ ನೋಡುತ್ತೇನೆ.

ಚರ್ಚಿನ ಬೇಡಗಳು ಕ್ರಮೇಣ ಸರ್ಕಾರದ ಕೈಗೆ ಬಂದವು. ಭಾನುವಾರ ಮತ್ತು ಮಾನ್ಯತೆ ಪಡೆದ ಹಬ್ಬದ ದಿನಗಳು ಕೆಲಸದಿಂದ ವಿರಾಮದ ದಿನಗಳಾಗಿ ರಕ್ಷಿತ ಎಂದು 1919ರ ವೈಮಾರ್ ಸಂವಿಧಾನ ಬರೆಯಿತು. 1949ರ ಸಂವಿಧಾನ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ 1967ರಲ್ಲಿ ವಾರಕ್ಕೆ ಐದು ದಿನದ ಕೆಲಸ ತಂದಾಗ ಅದಕ್ಕೆ ಬದಲಾಗಿ ಈಸ್ಟರ್ ಸೋಮವಾರದ ರಜೆ ಕಿತ್ತುಕೊಂಡಿತು. ಅದು ಮರಳಿದ್ದು 1990ರಲ್ಲಿ. ಪಶ್ಚಿಮದಲ್ಲಿ ಅದೇ ರಜೆಗಳು ಬೇರೆ ಉಪಯೋಗಕ್ಕೆ ಬಂದವು. 1960ರ ಈಸ್ಟರ್ ದಿನಗಳಲ್ಲಿ ಅಣ್ವಸ್ತ್ರ ವಿರೋಧಿಗಳು ಹ್ಯಾಂಬರ್ಗ್, ಬ್ರೆಮನ್ ಮುಂತಾದ ಕಡೆಗಳಿಂದ ಬೆರ್ಗೆನ್-ಹೋನೆಯ ಸೇನಾ ನೆಲೆಯತ್ತ ಕಾಲ್ನಡಿಗೆಯಲ್ಲಿ ಹೊರಟರು. ಅಂದಿನಿಂದ ಶಾಂತಿ ನಡಿಗೆಯೂ ಇಲ್ಲಿನ ಈಸ್ಟರಿನ ಒಂದು ಆಚರಣೆ.

ಉಳಿದದ್ದು ಕುಣಿತದ ಬೇಡ. ಬವೇರಿಯ ರಾಜ್ಯದಲ್ಲಿ ಗುರುವಾರ ನಸುಕಿನ 2 ಗಂಟೆಯಿಂದ ಶನಿವಾರ ಮಧ್ಯರಾತ್ರಿಯವರೆಗೆ ಸಾರ್ವಜನಿಕ ನೃತ್ಯ ಕೂಟಗಳಿಗೆ ತಡೆ. ಶುಕ್ರವಾರ ಹೋಟೆಲು, ಬಾರುಗಳಲ್ಲಿ ಸಂಗೀತವೂ ಇಲ್ಲ. ಬೇರೆ ರಾಜ್ಯಗಳಲ್ಲೂ ಕೆಲವು ಸಿನಿಮಾಗಳನ್ನು ಆ ದಿನ ತೋರಿಸುವಂತಿಲ್ಲ. ‘ಲೈಫ್ ಆಫ್ ಬ್ರಿಯಾನ್’ ಎಂಬ ಹಾಸ್ಯಚಿತ್ರವನ್ನು ಬೋಖುಮ್ ನಗರದಲ್ಲಿ ಬೇಕೆಂತಲೇ ಶುಕ್ರವಾರ ತೋರಿಸಿದವರಿಗೆ ದಂಡ ಬಿದ್ದದ್ದೂ ಉಂಟು. ಮ್ಯೂನಿಕ್‌ನ ನಾಸ್ತಿಕರ ಸಂಘವೊಂದು 2007ರಲ್ಲಿ ಗುಡ್ ಫ್ರೈಡೇ ದಿನವೇ ನೃತ್ಯಕೂಟ ಇಟ್ಟುಕೊಂಡಿತು. ಅಧಿಕಾರಿಗಳು ತಡೆದರು, ಸಂಘ ಕೋರ್ಟಿಗೆ ಹೋಯಿತು. 2016ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು ಎರಡು ಮಾತು: ಆ ದಿನದ ಮೌನವನ್ನು ಸರ್ಕಾರ ರಕ್ಷಿಸಬಹುದು, ಆದರೆ ಒಂದು ವಿನಾಯಿತಿಗೂ ಎಡೆಯಿಲ್ಲದ ನಿಷೇಧ ಸಂವಿಧಾನಕ್ಕೆ ಒಪ್ಪುವುದಿಲ್ಲ. ನನಗೆ ಈ ತೀರ್ಪು ಹಿಡಿಸಿತು. ವರ್ಷಕ್ಕೊಮ್ಮೆ ಊರು ಸುಮ್ಮನಿರುವುದು ಚೆನ್ನ, ಆದರೆ ಪೊಲೀಸರನ್ನು ಕಳಿಸಿ ಸುಮ್ಮನಿರಿಸುವುದು ಅಷ್ಟು ಚೆನ್ನವಲ್ಲ.

ಇಲ್ಲಿ ಯುಗಾದಿ ಕಾರ್ಯಕ್ರಮಕ್ಕೆ ಸಭಾಂಗಣ ಹುಡುಕುವ ಕನ್ನಡಿಗರು ಹಾಗಾಗಿ ಎರಡು ಪಂಚಾಂಗಗಳನ್ನು ಎದುರಿಗಿಟ್ಟುಕೊಳ್ಳಬೇಕಾಗುತ್ತದೆ. ಮಕ್ಕಳ ನೃತ್ಯ, ಕೋಲಾಟ ಎಲ್ಲ ಇರುತ್ತವಲ್ಲ. 2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ, ಗುಡ್ ಫ್ರೈಡೇ ಏಪ್ರಿಲ್ 3ಕ್ಕೆ. ನಡುವೆ ಸಿಗುವುದು ಎರಡೇ ಶನಿವಾರ, ಮಾರ್ಚ್ 21 ಮತ್ತು 28. ಒಬ್ಬಟ್ಟಿಗೆ ಬೇಕಾದ ಬೇಳೆ ಬೆಲ್ಲ ಆಗಲೇ ತಂದುಕೊಂಡರೆ, ಈಸ್ಟರ್ ಶನಿವಾರದ ಅಂಗಡಿ ನೂಕುನುಗ್ಗಲಿನಿಂದಲೂ ಪಾರು.