ಟರ್ಬೋ ಕಾರಿನ ಮಾರ್ಪಾಡು: ಎಲ್ಲಿ ನಿಲ್ಲಿಸಬೇಕು?
(ಹೂರಾದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನನ್ನು ಉಪನ್ಯಾಸಕ್ಕೆ ಆಹ್ವಾನಿಸಿದಾಗ ರಕ್ತದೊತ್ತಡ, ಮಧುಮೇಹಗಳ ವಿಚಾರವನ್ನೇ ನಿರೀಕ್ಷಿಸುವುದು ಸಹಜ. ಆದರೆ ತಮ್ಮ ಸಂಘದ ತರುಣರು ಈ ಬಾರಿ ನನ್ನ ಮುಂದಿಟ್ಟಿರುವ ಪ್ರಶ್ನೆಯೇ ಬೇರೆ: ಮುಂಚಕ್ರಗಳಿಂದ ಓಡುವ ಟರ್ಬೋ ಕಾರನ್ನು ಎಷ್ಟರ ಮಟ್ಟಿಗೆ ಮಾರ್ಪಡಿಸಬಹುದು? ಎಂ.ಬಿ.ಬಿ.ಎಸ್. ಮುಗಿಸಿ ವಿದೇಶದಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ದಿನಗಳಿಂದಲೂ ಕಾರುಗಳ ಹವ್ಯಾಸ ನನಗಿರುವುದರಿಂದ ಸಂತೋಷದಿಂದ ಒಪ್ಪಿಕೊಂಡೆ. 2004ರಲ್ಲಿ ಸಖೀರ್‌ನಲ್ಲಿ ಫಾರ್ಮುಲಾ ಒನ್ ಸ್ಪರ್ಧೆ ಆರಂಭವಾದ ನಾಡಿದು. ಇಲ್ಲಿ ಬೆಳೆಯುವ ಮಕ್ಕಳಿಗೆ ವೇಗದ ಆಕರ್ಷಣೆಯಿರುವುದು ಆಶ್ಚರ್ಯವಲ್ಲ. ಆ ಆಕರ್ಷಣೆಯನ್ನು ನಾನು ಹೀಗಳೆಯುವುದಿಲ್ಲ. ಅದಕ್ಕೊಂದು ಮಿತಿಯನ್ನು ಗೊತ್ತುಪಡಿಸುವುದು ಹೇಗೆಂಬುದೇ ನನ್ನ ವಿಷಯ.

ಮೊದಲು ಟರ್ಬೋ ಎಂದರೇನೆಂದು ನೋಡೋಣ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮೇಲಿರುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಈ ಒತ್ತಡವನ್ನು ನಿಯಂತ್ರಿಸುವುದು ಕಂಪ್ಯೂಟರ್ ಆದ್ದರಿಂದ, ಅದರ ಲೆಕ್ಕಾಚಾರವನ್ನು ತಿದ್ದಿದರೆ ಒಂದೇ ಮಧ್ಯಾಹ್ನದಲ್ಲಿ ಕಾರು ಬಲಶಾಲಿಯಾಗುತ್ತದೆ. ಇದನ್ನೇ ರೀಮ್ಯಾಪ್ ಎನ್ನುತ್ತಾರೆ. ಕೆಲಸ ಇಷ್ಟು ಸುಲಭವಾಗಿರುವುದೇ ಇದರ ಅಪಾಯ.

ಒಂದು ಉದಾಹರಣೆ. 2013ರಲ್ಲಿ ಮಾರುಕಟ್ಟೆಗೆ ಬಂದ ಏಳನೆಯ ತಲೆಮಾರಿನ ಗಾಲ್ಫ್ ಜಿಟಿಐ 220 ಅಶ್ವಶಕ್ತಿಯ ಕಾರು. ಅದರ ಟಾರ್ಕ್ 350 ನ್ಯೂಟನ್-ಮೀಟರ್. ಅದರ ಆರು ಗೇರಿನ ಡಿ.ಎಸ್.ಜಿ. ಗೇರ್‌ಬಾಕ್ಸನ್ನು ರೂಪಿಸಿರುವುದೂ ಒಂದು ಟಾರ್ಕ್ ಮಿತಿಗೇ. ರೀಮ್ಯಾಪಿನಿಂದ ಟಾರ್ಕ್ ಕಾಲುಭಾಗ ಹೆಚ್ಚಿದರೆ ಅದು 437ಕ್ಕೆ ಏರುತ್ತದೆ. ತಯಾರಕರು ಒಂದಿಷ್ಟು ಹೆಚ್ಚುವರಿ ತಾಳಿಕೆಯನ್ನು ಬಿಟ್ಟಿರುತ್ತಾರೆಂಬುದು ನಿಜ. ನಮ್ಮ ಮೂತ್ರಪಿಂಡಗಳಲ್ಲಿಯೂ ಅಂಥ ಮೀಸಲು ಶಕ್ತಿಯಿದೆ. ಒಂದನ್ನು ದಾನ ಮಾಡಿದವರು ಆರೋಗ್ಯದಿಂದ ಬದುಕುತ್ತಾರೆ. ಆದರೆ ಮೀಸಲು ಇರುವುದು ಕಷ್ಟಕಾಲಕ್ಕೆ, ದಿನನಿತ್ಯದ ಖರ್ಚಿಗಲ್ಲ.

ಇಲ್ಲಿ ಕಷ್ಟಕಾಲವೆಂದರೆ ಬೇಸಿಗೆ. ಹೊರಗಿನ ಉಷ್ಣತೆ 25 ಡಿಗ್ರಿಯಿಂದ 45ಕ್ಕೆ ಏರಿದಾಗ ಗಾಳಿಯ ಸಾಂದ್ರತೆ ಸುಮಾರು ಶೇ. 6ರಷ್ಟು ತಗ್ಗುತ್ತದೆ. ಒತ್ತಿದ ಗಾಳಿ ಇನ್ನಷ್ಟು ಕಾಯುತ್ತದೆ. ಗಾಳಿಯಿಂದಲೇ ತಣಿಯುವ ಇಂಟರ್‌ಕೂಲರ್ ಅದನ್ನು ಹೊರಗಿನ ಉಷ್ಣತೆಗಿಂತ ಕೆಳಕ್ಕೆ ಇಳಿಸಲಾರದು. ಆಗ ಪೆಟ್ರೋಲು ಅಕಾಲದಲ್ಲಿ ಹೊತ್ತಿಕೊಂಡು ಎಂಜಿನ್ 'ನಾಕ್' ಮಾಡುತ್ತದೆ. ಅದು ಮುಂದುವರಿದರೆ ಪಿಸ್ಟನ್ನುಗಳೇ ಒಡೆಯಬಹುದು. ಬಹರೈನಿನ ಬಂಕುಗಳಲ್ಲಿ 91, 95, 98 ಆಕ್ಟೇನಿನ ಪೆಟ್ರೋಲು ದೊರೆಯುತ್ತದೆ. 98ಕ್ಕೆಂದು ಬರೆಸಿದ ಮ್ಯಾಪಿರುವ ಕಾರಿಗೆ ಕೆಲವು ಫಿಲ್ಸ್ ಉಳಿಸಲು 91 ತುಂಬಿಸುವುದು ಪಥ್ಯ ಬಿಟ್ಟು ಮದ್ದು ಸೇವಿಸಿದಂತೆ.

ಆದರೂ ಎಂಜಿನ್ನು, ಗೇರ್‌ಬಾಕ್ಸುಗಳನ್ನು ಹಣ ಕೊಟ್ಟು ಬಲಪಡಿಸಬಹುದು. ನಿಜವಾದ ಮಿತಿಯಿರುವುದು ಮುಂದಿನ ಎರಡು ಟೈರುಗಳಲ್ಲಿ. ಕಾರನ್ನು ಎಳೆಯುವುದೂ ಅವೇ, ತಿರುಗಿಸುವುದೂ ಅವೇ, ಬ್ರೇಕ್ ಹಾಕಿದಾಗ ಹೆಚ್ಚಿನ ಭಾರ ಹೊರುವುದೂ ಅವೇ. 1400 ಕಿಲೋ ತೂಕದ ಕಾರು ಬಲವಾಗಿ ವೇಗ ಹೆಚ್ಚಿಸಿಕೊಂಡಾಗ ಸುಮಾರು 120 ಕಿಲೋ ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಹಿಡಿತ ಹೆಚ್ಚು ಬೇಕಾದ ಗಳಿಗೆಯಲ್ಲೇ ಅದು ಕಡಿಮೆಯಾಗುತ್ತದೆ. ರಸ್ತೆಯ ಮೇಲೆ ಮರಳು ಹರಡಿದ್ದರಂತೂ ಹೇಳುವುದೇ ಬೇಡ. ಚಕ್ರ ಸುಳಿದು, ಸ್ಟೀರಿಂಗ್ ಕೈಯಲ್ಲಿ ತಾನಾಗಿ ಎಳೆದುಕೊಳ್ಳುತ್ತದೆ.

ತಯಾರಕರು ಇದನ್ನು ಬಲ್ಲರು. 2002ರ ಫೋರ್ಡ್ ಫೋಕಸ್ ಆರ್.ಎಸ್. ಕಾರಿನ 215 ಅಶ್ವಶಕ್ತಿಯನ್ನು ಮುಂಚಕ್ರಗಳಿಗೆ ಒಗ್ಗಿಸಲು ವಿಶೇಷ ಡಿಫರೆನ್ಷಿಯಲ್ ಜೋಡಿಸಿದರು. 2009ರಲ್ಲಿ ಶಕ್ತಿ 305ಕ್ಕೆ ಏರಿದಾಗ ಮುಂದಿನ ಸಸ್ಪೆನ್ಷನ್ನಿನ ರಚನೆಯನ್ನೇ ಬದಲಿಸಿದರು. ಶಕ್ತಿಯೊಂದಿಗೆ ಅದನ್ನು ತಾಳುವ ಕಾಲುಗಳನ್ನೂ ಕೊಟ್ಟರು. ರೀಮ್ಯಾಪ್ ಕೊಡುವುದು ಶಕ್ತಿಯನ್ನು ಮಾತ್ರ.

ಹಾಗಾದರೆ ಏನು ಮಾಡಬೇಕು? ವೈದ್ಯರು ಔಷಧ ಬರೆಯುವ ಕ್ರಮವನ್ನೇ ಇಲ್ಲಿಯೂ ಅನುಸರಿಸಬಹುದು. ಮೊದಲು ತಪಾಸಣೆ: ಸಿಲಿಂಡರಿನ ಒತ್ತಡ, ಸ್ಪಾರ್ಕ್ ಪ್ಲಗ್, ಆಯಿಲ್, ಕೂಲಂಟ್, ಕೊಳವೆಗಳ ಸೋರಿಕೆ. ಅಸ್ವಸ್ಥ ಎಂಜಿನ್ನಿಗೆ ಮಾರ್ಪಾಡು ಸಲ್ಲದು. ಎರಡನೆಯದಾಗಿ ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಹೊಸ ಬ್ರೇಕ್ ದ್ರವ. ಗಂಟೆಗೆ 80 ಕಿಲೋಮೀಟರಿಗಿಂತ 120ರಲ್ಲಿ ಓಡುವ ಕಾರಿನ ಚಲನಶಕ್ತಿ ಎರಡೂಕಾಲು ಪಟ್ಟು. ಅಷ್ಟನ್ನೂ ನುಂಗಬೇಕಾದುದು ಬ್ರೇಕು. ಮೂರನೆಯದಾಗಿ ದೊಡ್ಡ ಇಂಟರ್‌ಕೂಲರ್. ಇವೆಲ್ಲ ಆದ ಬಳಿಕ, ಬೇಕೆನಿಸಿದರೆ, ಇಲ್ಲಿಯ ಬಿಸಿಲಿಗೆ ಹೊಂದುವ ಒಂದು ಮಿತವಾದ ರೀಮ್ಯಾಪ್. ಒಂದು ಸಲಕ್ಕೆ ಒಂದೇ ಬದಲಾವಣೆ. ಅದರ ಪರಿಣಾಮವನ್ನು ಕೆಲವು ವಾರ ಗಮನಿಸಿದ ಮೇಲೆ ಮುಂದಿನದು. ರಸ್ತೆಯ ಕಾರಿಗೆ ಅಲ್ಲಿಗೇ ಸಾಕು ಎಂಬುದು ನನ್ನ ಅಭಿಪ್ರಾಯ. ದೊಡ್ಡ ಟರ್ಬೋ ಬೇಕೆನ್ನುವವರು ಸಖೀರ್‌ನ ಟ್ರ್ಯಾಕಿಗೆಂದೇ ಬೇರೊಂದು ಕಾರನ್ನು ಇಟ್ಟುಕೊಳ್ಳಲಿ.

ಕಾನೂನಿನ ಮಾತನ್ನೂ ಮರೆಯಬಾರದು. ಮಾರ್ಪಾಡಿಗೆ ಮೊದಲು ಇಲ್ಲಿಯ ಸಂಚಾರ ಇಲಾಖೆಯಲ್ಲಿ ವಿಚಾರಿಸುವುದು, ವಿಮಾ ಸಂಸ್ಥೆಗೆ ಬರೆದು ತಿಳಿಸುವುದು ಅಗತ್ಯ. ಬಚ್ಚಿಟ್ಟ ಮಾರ್ಪಾಡು ಅಪಘಾತದ ನಂತರ ಪರಿಹಾರಕ್ಕೇ ಕುತ್ತು ತರಬಹುದು. ಊರಿನಲ್ಲಿ ಕಾರು ಇಟ್ಟುಕೊಂಡಿರುವವರೂ ಗಮನಿಸಬೇಕು: ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲವೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಡಿ ಭಾರತದ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ.

ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಹೇಳಿದರು. ಮದ್ದು ವಿಷವಾಗುವುದು ಪ್ರಮಾಣದಿಂದ ಎಂದು ಹದಿನಾರನೆಯ ಶತಮಾನದ ವೈದ್ಯ ಪ್ಯಾರಸೆಲ್ಸಸ್ ತಿಳಿಸಿದ. ಆದ್ದರಿಂದ ತರುಣರಲ್ಲಿ ನನ್ನ ವಿನಂತಿ ಇಷ್ಟೆ: ಗ್ಯಾರೇಜಿಗೆ ಹೋಗುವ ಮೊದಲೇ, ಎಲ್ಲಿ ನಿಲ್ಲಿಸುವಿರೆಂಬುದನ್ನು ಕಾಗದದ ಮೇಲೆ ಬರೆದಿಡಿ. ಬರೆಯುವಾಗ ಆ ಕಾರಿನ ಹಿಂದಿನ ಆಸನದಲ್ಲಿ ಯಾರು ಕೂರುತ್ತಾರೆಂಬುದನ್ನು ನೆನೆಯಿರಿ. ತುರ್ತು ಚಿಕಿತ್ಸಾ ಕೊಠಡಿಗೆ ತರುವ ಎಳೆಯರ ತಂದೆತಾಯಿಗಳು ಅಶ್ವಶಕ್ತಿ ಎಷ್ಟೆಂದು ಕೇಳುವುದಿಲ್ಲ. ಮಗು ಉಳಿಯುತ್ತದೆಯೇ ಎಂದಷ್ಟೇ ಕೇಳುತ್ತಾರೆ.