ಪಂಚಾಂಗ ಏಳುವ ಮೊದಲು



ಕರಾವಳಿಯಲ್ಲಿ ಒಂದು ಮನೆ ಪಕ್ಕದ ಜಾಗಕ್ಕೆ ಕಾಲಿಡುವುದು ಸಾಮಾನ್ಯವಾಗಿ ಮಳೆಯ ನೆಪದಲ್ಲಿ. ಮೊದಲು ತಾರಸಿಯ ಮೇಲೆ ಒಂದು ಶೀಟಿನ ಮಾಡು ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಆ ಮಾಡು ಬೇಡವೆನ್ನುವವರು ಯಾರೂ ಇಲ್ಲ. ಆದರೆ ಅದರ ಅಂಚು ಪಾಗಾರ ದಾಟಿರುತ್ತದೆ, ನೀರು ಪಕ್ಕದ ಅಂಗಳಕ್ಕೆ ಬೀಳುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಮಾಡಿನ ಕೆಳಗೆ ಕಂಬ ನಿಲ್ಲುತ್ತದೆ, ಕಂಬಗಳ ನಡುವೆ ಕೆಂಪುಕಲ್ಲಿನ ಗೋಡೆ ಏಳುತ್ತದೆ, ಒಳಗೆ ಬಚ್ಚಲೋ ಸೌದೆಯ ಕೋಣೆಯೋ ಆಗುತ್ತದೆ. ಹಳೆಯ ಪಾಗಾರ ಒಂದು ದಿನ ಬಿದ್ದರೆ ಹೊಸದು ಆ ಗೋಡೆಯ ಸಾಲಿಗೇ ಕಟ್ಟಲ್ಪಡುತ್ತದೆ. ಅಲ್ಲಿಗೆ ಗಡಿ ಸರಿದಾಯಿತು.

ಸರಿದದ್ದು ಎಷ್ಟು? 33 ಅಡಿ ಅಗಲ, 66 ಅಡಿ ಉದ್ದದ ನಿವೇಶನವೆಂದರೆ 2,178 ಚದರ ಅಡಿ, ಸರಿಯಾಗಿ ಐದು ಸೆಂಟ್ಸ್. ಅದರ ಉದ್ದದ ಬದಿಯಲ್ಲಿ ಒಂದೂವರೆ ಅಡಿ ಹೋದರೆ 99 ಚದರ ಅಡಿ ಹೋಯಿತು. ಕಾಲು ಸೆಂಟ್ಸಿಗೂ ಕಡಿಮೆ. 'ಇಷ್ಟಕ್ಕೆಲ್ಲ ಜಗಳವೇ' ಎಂದು ಊರವರು ಸಮಾಧಾನ ಹೇಳುತ್ತಾರೆ. ಆದರೆ ಕಳೆದುಕೊಂಡವರ ಕಡೆಯಿಂದ ನೋಡಿದರೆ, ನಾಳೆ ಅವರು ಮನೆ ಕಟ್ಟುವಾಗ ಬದಿಯಲ್ಲಿ ಬಿಡಬೇಕಾದ ಸೆಟ್‌ಬ್ಯಾಕನ್ನು ಉಳಿದ ಜಾಗದಲ್ಲೇ ಬಿಡಬೇಕು. ಅಗಲ 33 ಅಡಿಯಿಂದ 31.5 ಅಡಿಗೆ ಇಳಿದ ನಿವೇಶನದಲ್ಲಿ ಒಂದು ಕೋಣೆಯೇ ಕಿರಿದಾಗುತ್ತದೆ. ಮಾರಲು ಹೊರಟರೆ ಸರ್ವೆಯ ಅಳತೆ ಕಾಗದಕ್ಕೆ ಹೊಂದುವುದಿಲ್ಲ, ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಕಾಲು ಸೆಂಟ್ಸಿನ ನಷ್ಟ ಐದು ಸೆಂಟ್ಸಿಗೂ ಹಬ್ಬುತ್ತದೆ.

ಇಂಥ ತಕರಾರು ವಕೀಲರ ಕಚೇರಿಗೆ ಬರುವಾಗ ಗೋಡೆಗೆ ಬಣ್ಣ ಬಳಿದಾಗಿರುತ್ತದೆ. ಮೇಸ್ತ್ರಿ ನೂಲು ಕಟ್ಟಿದ ಬೆಳಿಗ್ಗೆ ಗಡಿಯಲ್ಲಿ ಯಾರು ನಿಂತಿದ್ದರು ಎಂದು ಕೇಳಿದರೆ ಬಹುತೇಕ ಉತ್ತರ ಒಂದೇ: ಯಾರೂ ಇರಲಿಲ್ಲ. ಸರ್ವೆಯರ್ ಇರಲಿಲ್ಲ, ನಕ್ಷೆ ಬರೆದ ಇಂಜಿನಿಯರ್ ಇರಲಿಲ್ಲ, ಪರವಾನಗಿ ಕೊಟ್ಟ ಕಚೇರಿಯವರು ಇರಲಿಲ್ಲ, ನೆರೆಯವರನ್ನು ಕರೆದಿರಲಿಲ್ಲ. ಆ ಒಂದು ಬೆಳಿಗ್ಗೆಯ ಖಾಲಿ ಜಾಗವನ್ನು ತುಂಬುವುದು ಹೇಗೆಂಬುದೇ ಈ ವಿಚಾರಸಂಕಿರಣದ ಮುಂದಿರುವ ಕೆಲಸ.

ಗಡಿ ಇಷ್ಟು ಸಡಿಲವಾಗಿರುವುದಕ್ಕೆ ಈ ನೆಲದ ಚರಿತ್ರೆಯೂ ಕಾರಣ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು. ಉಡುಪಿ ಅದರಿಂದ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇಲ್ಲಿನ ಮೂಲ ಅಳತೆ ಮದ್ರಾಸ್ ಪದ್ಧತಿಯದು: ಎಫ್‌ಎಂಬಿ ಎಂಬ ಕ್ಷೇತ್ರ ಅಳತೆಯ ಪುಸ್ತಕದಲ್ಲಿ ಸರ್ವೆ ನಂಬರಿನ ನಕ್ಷೆ, ಅದರ ಮೇಲೆ ಸರಪಳಿಯ ಲಿಂಕ್ಸ್ ಲೆಕ್ಕದ ಅಂಕಿಗಳು. ಒಂದು ಲಿಂಕ್ ಎಂದರೆ 7.92 ಇಂಚು. ಗದ್ದೆ, ಗುಡ್ಡ, ತೋಟ ಅಳೆಯಲು ಆ ಸೂಕ್ಷ್ಮತೆ ಧಾರಾಳವಾಗಿತ್ತು. ಗೋಡೆಗೂ ಗಡಿಗೂ ನಡುವೆ ಮೂರು ನಾಲ್ಕು ಅಡಿ ಮಾತ್ರ ಇರುವ ಈಗಿನ ನಿವೇಶನಗಳಲ್ಲಿ ಒಂದು ಲಿಂಕ್ ಆಚೀಚೆಯಾದರೂ ಎರಡು ಮನೆಯವರು ಮಾತು ಬಿಡುತ್ತಾರೆ. ಹಳೆಯ ಗಡಿಗುರುತುಗಳೂ ದೊಡ್ಡ ಅಳತೆಯವೇ: ಒಂದು ಅಗಳು, ಒಂದು ದರೆ, ಒಂದು ತೋಡು, ಮೂಲೆಯ ಹಲಸಿನ ಮರ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಅವು ಇನ್ನೂ ಇವೆ. ನೆಲದ ಮೇಲೆ ಜೆಸಿಬಿ ಒಂದು ಗಂಟೆಯಲ್ಲಿ ಅಗಳು ಮುಚ್ಚಿ ದರೆ ಕಡಿದು ಹೋಗಿರುತ್ತದೆ.

ಇದರ ಮೇಲೆ 1974ರ ಭೂಸುಧಾರಣೆ ತಿದ್ದುಪಡಿ ಬಂತು. ಗೇಣಿದಾರರು ಒಡೆಯರಾದರು; ಇಂದಿಗೂ ಜನ 'ಡಿಕ್ಲರೇಶನ್ ಜಾಗ' ಎನ್ನುವುದು ಆ ಭೂಮಿಯನ್ನೇ. ಕರಾವಳಿಯ ಬಡವರ ಬದುಕನ್ನು ಬದಲಿಸಿದ ದೊಡ್ಡ ನ್ಯಾಯ ಅದು. ಆದರೆ ಭೂನ್ಯಾಯಮಂಡಳಿಯ ಆದೇಶದಲ್ಲಿ ಸರ್ವೆ ನಂಬರು, ವಿಸ್ತೀರ್ಣ ಬಂದ ಕಡೆಯೆಲ್ಲ ನೆಲದ ಮೇಲೆ ಪೋಡಿಯಾಗಿ, ಅಂದರೆ ಅಳೆದು ವಿಭಜನೆಯಾಗಿ, ಕಲ್ಲು ಬೀಳಲಿಲ್ಲ. ಅಜ್ಜ ಉಳುತ್ತಿದ್ದ ಗದ್ದೆಯ ಹುಣಿಯೇ ಗಡಿಯಾಗಿ ಉಳಿಯಿತು. ಇನ್ನೊಂದು ಕಡೆ ಕೂಡುಕುಟುಂಬಗಳು ಒಡೆದವು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ತಾಯಿಯ ಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. ಮುಂದಿನ ತಲೆಮಾರುಗಳಲ್ಲಿ ಪಾಲು ಮತ್ತೆ ಪಾಲಾಯಿತು. ಕಾರ್ಕಳದ ಒಳಹಳ್ಳಿಗಳಲ್ಲಿ ಗಡಿಯ ಆಚೆಗಿರುವವರು ಎಷ್ಟೋ ಸಲ ಅಣ್ಣನೋ ಮಾವನೋ ಚಿಕ್ಕಮ್ಮನ ಮಗನೋ ಆಗಿರುತ್ತಾರೆ. 'ನಮ್ಮವರೇ ಅಲ್ವಾ' ಎಂದು ಅಳೆಯದೆ ಬಿಟ್ಟ ಜಾಗವೇ ಮುಂದೆ ಅತಿ ಕಹಿಯಾದ ದಾವೆಗೆ ಕಾರಣವಾಗುತ್ತದೆ.

ಕುಮ್ಕಿಯ ತಕರಾರು ಬೇರೆಯೇ ಜಾತಿಯದು. ವರ್ಗ (ಪಟ್ಟಾ) ಜಮೀನಿನ ಸುತ್ತ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಕುಮ್ಕಿ ಸವಲತ್ತನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿಕೊಟ್ಟಿದೆ. ಅದು ಸವಲತ್ತು, ಒಡೆತನವಲ್ಲ. ಕುಮ್ಕಿಯಲ್ಲಿ ಗೋಡೆ ಕಟ್ಟಿದವರನ್ನು ನೆರೆಯವರು ಪ್ರಶ್ನಿಸಿದರೆ ಇಬ್ಬರೂ 'ನಮ್ಮದು' ಎನ್ನುತ್ತಾರೆ. ಜಾಗ ಇಬ್ಬರದೂ ಅಲ್ಲ.

ಕಾಪು ಕಡೆಯ ಕತೆಗೆ ದೂರದ ಊರುಗಳು ಸೇರಿಕೊಳ್ಳುತ್ತವೆ. ಮುಂಬಯಿಯ ಹೋಟೆಲು, ಗಲ್ಫ್‌ನ ಕೆಲಸ ಎಂದು ಹೊರಟವರ ಮನೆ, ತೆಂಗಿನ ತೋಟ ಇಲ್ಲಿ ಬಾಗಿಲು ಹಾಕಿ ನಿಂತಿರುತ್ತವೆ. ಮನೆಯೊಡೆಯರು ನೇಮಕ್ಕೋ ಮದುವೆಗೋ ಬಂದಾಗ ಪಕ್ಕದ ಮನೆಯ ಹೊಸ ಕೋಣೆ ಕಣ್ಣಿಗೆ ಬೀಳುತ್ತದೆ. ರಜೆ ಕೆಲವೇ ದಿನಗಳದು, ಜಗಳ ಬೇಡವೆಂದು ಹಿಂದಿರುಗುತ್ತಾರೆ. ಮುಂದಿನ ಸಲ ಬರುವಾಗ ಕೋಣೆಯ ಮೇಲೆ ಮಾಳಿಗೆ ಎದ್ದಿರುತ್ತದೆ.

ಆ ಸಭ್ಯತೆಗೆ ಕಾನೂನು ಯಾವ ಬೆಲೆಯನ್ನೂ ಕೊಡುವುದಿಲ್ಲ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಖಾಸಗಿ ಜಾಗದ ಮೇಲೆ ಪ್ರತಿಕೂಲ ಸ್ವಾಧೀನದ ಅವಧಿ 12 ವರ್ಷ, ಸರಕಾರಿ ಜಾಗಕ್ಕೆ 30. ಹಾಗೆಂದು 12 ವರ್ಷ ಕಳೆದೊಡನೆ ಜಾಗ ಒತ್ತಿದವರದಾಗುವುದಿಲ್ಲ. ಸ್ವಾಧೀನ ಯಾವ ದಿನ ಆರಂಭವಾಯಿತು, ಅದು ನಿಜವಾದ ಒಡೆಯರಿಗೆ ತಿಳಿದಿತ್ತೇ, ಬಹಿರಂಗವಾಗಿ ತಡೆಯಿಲ್ಲದೆ ನಡೆಯಿತೇ ಎಂಬುದನ್ನೆಲ್ಲ ಹಕ್ಕು ಕೇಳುವವರೇ ಸಾಬೀತು ಮಾಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಕರ್ನಾಟಕ ವಕ್ಫ್ ಮಂಡಳಿಯ ಪ್ರಕರಣದಲ್ಲಿ ಹೇಳಿದೆ. 1963ರದೇ ನಿರ್ದಿಷ್ಟ ಪರಿಹಾರ ಕಾಯ್ದೆಯ 41ನೇ ಕಲಮು ಇನ್ನೂ ಬೇಗ ಕಾಡುತ್ತದೆ: ನಡೆಯುತ್ತಿರುವ ತಪ್ಪಿಗೆ ಸಮ್ಮತಿ ಕೊಟ್ಟಂತೆ ಸುಮ್ಮನಿದ್ದವರು ಆಮೇಲೆ ತಡೆಯಾಜ್ಞೆ ಕೇಳಿದರೆ ನಿರಾಕರಿಸಬಹುದು. ಕಟ್ಟಡ ಮುಗಿದ ಮೇಲೆ ಬಂದವರಿಗೆ ಗೋಡೆ ಕೆಡಹುವ ಆದೇಶದ ಬದಲು ಪರಿಹಾರದ ಹಣವಷ್ಟೇ ಸಿಗುವ ಸಾಧ್ಯತೆ ಹೆಚ್ಚು. ಆದ್ದರಿಂದ ದುಬೈಯಲ್ಲಿರುವ ಮಗನಾಗಲಿ ಊರಲ್ಲಿ ಒಬ್ಬರೇ ಇರುವ ತಾಯಿಯಾಗಲಿ ಮೊದಲ ದಿನವೇ ಫೋಟೋ ತೆಗೆದು, ದಿನಾಂಕ ಹಾಕಿದ ಒಂದು ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ಅದರ ಪ್ರತಿಯನ್ನು ಪಂಚಾಯತ್‌ಗೋ ನಗರಸಭೆಗೋ ಕೊಟ್ಟು ಸ್ವೀಕೃತಿ ಪಡೆಯಬೇಕು. ಅದು ಜಗಳವಲ್ಲ, ಹಕ್ಕಿನ ದಾಖಲೆ.

ಮಣಿಪಾಲದ್ದು ಎತ್ತರ ತಗ್ಗಿನ ಸಂಕಟ. 1953ರಲ್ಲಿ ಟಿ.ಎಂ.ಎ. ಪೈಯವರು ಕಸ್ತೂರ್‌ಬಾ ಮೆಡಿಕಲ್ ಕಾಲೇಜು ಆರಂಭಿಸಿದ ಆ ಮುರಕಲ್ಲಿನ ಗುಡ್ಡ ಈಗ ವಸತಿ ಸಮುಚ್ಚಯಗಳ ಊರು. ಅಲ್ಲಿ ಗಡಿ ದಾಟದೆಯೂ ನೆರೆಯವರಿಗೆ ಹಾನಿ ಮಾಡಬಹುದು: ತನ್ನ ಜಾಗದ ಅಂಚಿನವರೆಗೂ ದರೆಯನ್ನು ನೆಟ್ಟಗೆ ಕಡಿದರೆ ಸಾಕು, ಜೂನ್ ತಿಂಗಳಲ್ಲಿ ಮೇಲಿನವರ ಪಾಗಾರ ಮಣ್ಣಿನೊಂದಿಗೆ ಕೆಳಗಿಳಿಯುತ್ತದೆ. 1882ರ ಅನುಭೋಗದ ಹಕ್ಕುಗಳ ಕಾಯ್ದೆ ಮೊದಲಿನಿಂದಲೂ ಮದ್ರಾಸ್ ಪ್ರಾಂತಕ್ಕೆ ಅನ್ವಯಿಸಿದ್ದರಿಂದ ಈ ಊರಿಗೆ ಅದು ಹಳೆಯ ಪರಿಚಯ. ಪಕ್ಕದ ನೆಲ ತನ್ನ ನೆಲಕ್ಕೆ ಸಹಜವಾಗಿ ಕೊಡುವ ಆಧಾರ ಉಳಿಯಬೇಕೆಂಬುದು ಒಡೆಯನ ಹಕ್ಕೆಂದು ಅದರ 7ನೇ ಕಲಂ ಉದಾಹರಣೆ ಸಮೇತ ಹೇಳುತ್ತದೆ. ಮೇಲಿನ ಜಾಗದಲ್ಲಿ ಬಿದ್ದ ಮಳೆ ಸಹಜವಾಗಿ ಕೆಳಗೆ ಹರಿಯಲು ಕೆಳಗಿನವರು ಬಿಡಬೇಕೆಂದೂ ಅಲ್ಲೇ ಇದೆ. ಆದರೆ ತಾರಸಿಯ ನೀರನ್ನೆಲ್ಲ ಒಂದು ಪೈಪಿಗೆ ಕಟ್ಟಿ ಪಕ್ಕದವರ ಅಂಗಳಕ್ಕೆ ಸುರಿಯುವುದು ಸಹಜ ಹರಿವಲ್ಲ. ಈ ಎರಡರ ನಡುವಿನ ಗೆರೆ ಇಂಜಿನಿಯರ್‌ಗಳಿಗೆ ಚೆನ್ನಾಗಿ ಗೊತ್ತು. ಅದು ಅವರ ನಕ್ಷೆಯಲ್ಲೂ ಕಾಣಬೇಕು.

ಒತ್ತುವರಿ ಆದ ಮೇಲಿನ ದಾರಿ ನೇರವಾಗಿಲ್ಲ. ಪೊಲೀಸ್ ಠಾಣೆ 'ಸಿವಿಲ್ ವ್ಯಾಜ್ಯ' ಎಂದು ಹಿಂಬರಹ ಕೊಡುತ್ತದೆ. ಹದ್ದುಬಸ್ತಿಗೆ, ಅಂದರೆ ಸರಕಾರಿ ಗಡಿ ಗುರುತಿಗೆ, ಅರ್ಜಿ ಹಾಕಿದರೆ ಸರ್ವೆಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಅಳೆದು ಕಲ್ಲು ಹಾಕಬಲ್ಲರು, ಆದರೆ ಗೋಡೆ ತೆಗೆಸುವ ಅಧಿಕಾರ ಅವರಿಗಿಲ್ಲ. ಅದು ಸಿವಿಲ್ ನ್ಯಾಯಾಲಯದ್ದು. ಅಲ್ಲಿಯೂ ದಾವೆ ಹಾಕುವ ಬಗೆ ಮುಖ್ಯ: ಹಕ್ಕೇ ವಿವಾದದಲ್ಲಿರುವಾಗ ಬರಿಯ ತಡೆಯಾಜ್ಞೆ ಕೇಳಿದರೆ ಸಾಲದು, ಹಕ್ಕು ಘೋಷಣೆಯನ್ನೂ ಕೇಳಬೇಕೆಂದು 2008ರ ಅನತುಲ ಸುಧಾಕರ್ ತೀರ್ಪು ವಿವರಿಸಿದೆ. ಅದೇ ವರ್ಷ ಹರಿಯಾಣ ವಕ್ಫ್ ಮಂಡಳಿಯ ಪ್ರಕರಣದಲ್ಲಿ, ವಿವಾದ ಗಡಿಯದೇ ಆಗಿರುವಾಗ ಅಳತೆಗೆ ಕೋರ್ಟ್ ಕಮಿಷನರ್ ನೇಮಿಸಬೇಕಿತ್ತೆಂದು ಸುಪ್ರೀಂ ಕೋರ್ಟ್ ಹೇಳಿತು. ಕಮಿಷನರ್ ಅರ್ಜಿಯನ್ನು ದಾವೆಯ ಕೊನೆಗೆ ತಳ್ಳುವ ಅಭ್ಯಾಸವನ್ನು ವಕೀಲರು ಬಿಡುವುದೊಳ್ಳೆಯದು. ಅಷ್ಟರಲ್ಲಿ ಗುರುತುಗಳೇ ಉಳಿದಿರುವುದಿಲ್ಲ.

'ಅಕ್ರಮ ಸಕ್ರಮ'ದ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿದೆ. 2014ರ ನಿಯಮಗಳು ವಾಸದ ಕಟ್ಟಡದಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಹೊರಟಿದ್ದವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ಯೋಜನೆ ಪೂರ್ತಿ ಜಾರಿಯಾದರೂ ಪಕ್ಕದವರ ಖಾಸಗಿ ಜಾಗದ ಮೇಲೆ ನಿಂತ ಗೋಡೆಯನ್ನು ಸಕ್ರಮ ಮಾಡಲು ಬರುವುದಿಲ್ಲ. ದಂಡ ಕಟ್ಟಿ ಕೊಳ್ಳಲು ಅದು ಸರಕಾರದ ಸೊತ್ತಲ್ಲ. ಪರವಾನಗಿಯ ಕತೆಯೂ ಅಷ್ಟೇ. ನಗರಸಭೆ ಅಥವಾ ಪುರಸಭೆ 1964ರ ಪೌರಸಭೆಗಳ ಕಾಯ್ದೆಯ 187ನೇ ಕಲಮಿನಡಿ, ಗ್ರಾಮ ಪಂಚಾಯತ್ 1993ರ ಕಾಯ್ದೆಯ 64ನೇ ಕಲಮಿನಡಿ ಕೊಡುವ ಅನುಮತಿ ಕಟ್ಟುವುದಕ್ಕೆ ಮಾತ್ರ. ಜಾಗ ಯಾರದೆಂದು ಅದು ತೀರ್ಮಾನಿಸುವುದಿಲ್ಲ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪೂರ್ಣತಾ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರು, ಬ್ಯಾಂಕ್ ಸಾಲ ಸಿಗಬಾರದೆಂದು ನಿರ್ದೇಶಿಸಿತು. ಆ ಬಿಗಿ ಸ್ವಾಗತಾರ್ಹ. ಆದರೂ ಅದು ಕಟ್ಟಡದ ಕೊನೆಯಲ್ಲಿ ಬೀಳುವ ಬಿಗಿ, ಪಂಚಾಂಗದ (ಅಡಿಪಾಯದ) ಹೊತ್ತಿನದಲ್ಲ.

ಪಂಚಾಂಗದ ಹೊತ್ತಿಗೆ ಏನು ಮಾಡಬಹುದೆಂಬುದಕ್ಕೆ ಒಂದು ಹೊರನಾಡಿನ ಮಾದರಿ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ ಗಡಿರೇಖೆಯ ಮೇಲೆ ಹೊಸ ಗೋಡೆ ಕಟ್ಟುವವರು ಒಂದು ತಿಂಗಳು ಮೊದಲು, ಇಬ್ಬರಿಗೂ ಸೇರಿದ ಗೋಡೆಯನ್ನು ಮುಟ್ಟುವವರು ಎರಡು ತಿಂಗಳು ಮೊದಲು ನೆರೆಯವರಿಗೆ ಲಿಖಿತ ನೋಟಿಸ್ ಕೊಡಬೇಕು. ನೆರೆಮನೆಯಿಂದ ಮೂರು ಮೀಟರಿನೊಳಗೆ ಅದರ ಪಂಚಾಂಗಕ್ಕಿಂತ ಆಳವಾಗಿ ಅಗೆಯುವುದಕ್ಕೂ ನೋಟಿಸ್ ಬೇಕು. ಒಪ್ಪಿಗೆ ಆಗದಿದ್ದರೆ ಸರ್ವೆಯರ್‌ಗಳು ತೀರ್ಪು ಬರೆಯುತ್ತಾರೆ. ಹಾಗೆ ನೋಟಿಸ್ ಕೊಡಲೇಬೇಕೆಂಬ ಕಾಯ್ದೆ ಇಲ್ಲಿಲ್ಲ. ಉಡುಪಿಯಲ್ಲಿ ಅದನ್ನು ರೂಢಿಯಾಗಿ ಆರಂಭಿಸಲು ವಿಧಾನಸಭೆಯ ದಾರಿ ಕಾಯಬೇಕಾಗಿಲ್ಲ. ಪರವಾನಗಿ ಅರ್ಜಿಯೊಂದಿಗೆ ಗಡಿ ಗುರುತಿನ ಒಂದು ಹಾಳೆ ಇರಲಿ: ಅಳತೆ ಮಾಡಿದವರ ಸಹಿ, ಎರಡೂ ಕಡೆಯ ನೆರೆಯವರ ಸಹಿ, ಬಾರದಿದ್ದರೆ ಅವರಿಗೆ ಕಳಿಸಿದ ನೋಟಿಸಿನ ರಶೀದಿ, ಮೂಲೆಕಲ್ಲುಗಳ ಫೋಟೋ. ಇಂಜಿನಿಯರ್ ನೂಲು ಕಟ್ಟುವ ದಿನ ಸ್ಥಳದಲ್ಲಿರಲಿ. ಡ್ರೋನ್ ಸಮೀಕ್ಷೆ ಬಂದಿದೆಯೆಂಬ ಭರವಸೆ ಇಲ್ಲಿ ಪೂರ್ತಿ ಸಾಲದು. ತೆಂಗು ಅಡಿಕೆಯ ನೆರಳಿನಡಿ, ಶೀಟಿನ ಮಾಡಿನ ಕೆಳಗೆ ಇರುವ ಗಡಿ ಮೇಲಿನಿಂದ ಕಾಣುವುದಿಲ್ಲ.

ರಾಜಿಗೆ ಈ ನೆಲದಲ್ಲಿ ಹಳೆಯ ದಾರಿಗಳಿವೆ. ದೈವದ ಮುಂದೆ ಪ್ರಮಾಣ ಮಾಡಿ ಗಡಿ ಒಪ್ಪಿಕೊಂಡ ಮನೆತನಗಳು ಕಾರ್ಕಳ, ಕಾಪು ಕಡೆ ಇವೆ. ಆ ಮಾತಿನ ತೂಕ ಕಡಿಮೆಯಲ್ಲ. ಆದರೆ ಮುಂದಿನ ಖರೀದಿದಾರರಿಗೆ ಆ ಪ್ರಮಾಣ ತಿಳಿಯದು. ಒಪ್ಪಿದ ಗಡಿ ವಿನಿಮಯ ಪತ್ರವೋ ಹಕ್ಕು ಬಿಡುಗಡೆ ಪತ್ರವೋ ಆಗಿ ನೋಂದಣಿಯಾಗಬೇಕು, ಜೊತೆಗೆ ನಕ್ಷೆ ಇರಬೇಕು. ದಾವೆ ನಡೆಯುತ್ತಿದ್ದರೆ ಲೋಕ ಅದಾಲತ್‌ನಲ್ಲಿ ಮುಗಿಸಬಹುದು: ಅಲ್ಲಿನ ತೀರ್ಮಾನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕ ಮರಳುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಊರಿನ ಮನೆಯಲ್ಲಿ ಒಬ್ಬರೇ ಇರುವ ಹಿರಿಯ ಹೆಂಗಸರಿಗೆ ಈ ಸಂಗತಿ ತಿಳಿಸುವುದು ಪಂಚಾಯತ್ ನೋಟಿಸ್ ಬೋರ್ಡಿನಿಂದಲೇ ಆಗಬಹುದಾದ ಕೆಲಸ.

ಮಧ್ಯಾಹ್ನದ ಗೋಷ್ಠಿಯಲ್ಲಿ ಆ ಗಡಿ ಹಾಳೆಯ ಕರಡು ಸಿದ್ಧವಾಗಬೇಕು. ಕರಡಿನಲ್ಲಿ ಬಗೆಹರಿಯಬೇಕಾದ ಅಂಶಗಳು ಇವು: ಅಳತೆಯ ಖರ್ಚು ಕಟ್ಟುವವರದೋ ಇಬ್ಬರದೋ, ನೆರೆಯವರು ಸಹಿ ನಿರಾಕರಿಸಿದರೆ ಎಷ್ಟು ದಿನ ಕಾಯಬೇಕು, ಹೊರದೇಶದಲ್ಲಿರುವವರ ಪರವಾಗಿ ಯಾರು ನಿಲ್ಲಬಹುದು, ಹದ್ದುಬಸ್ತಿನ ಸರದಿ ಬರುವವರೆಗೆ ಪರವಾನಗಿ ಪಡೆದ ಖಾಸಗಿ ಸರ್ವೆಯರ್‌ರ ಅಳತೆಯನ್ನು ಒಪ್ಪಬಹುದೇ. ನಾಲ್ಕಕ್ಕೂ ಉತ್ತರ ಹೇಳಬಲ್ಲವರು ಈ ಸಭಾಂಗಣದಲ್ಲೇ ಇದ್ದಾರೆ.